ಸೋಫಾದ ಹಿಂದಿನ ದನಿ

ತನ್ನ ದನಿಯೇ ಸಾಲದೇನೋ ಎಂಬ ಅನುಮಾನವನ್ನು ವಸುಧಾ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಹೆಸರು ಹಿಡಿದು ಕರೆದರೆ ಅಕ್ಕನ ಮಗು ತಿರುಗಿ ನೋಡುತ್ತಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಇವಳು ಹೇಳಿದ ‘ಪ್ರೆಸೆಂಟ್ ಸಾರ್’ ಎಷ್ಟೋ ಸಲ ಮೇಷ್ಟರ ಮೇಜನ್ನು ಮುಟ್ಟದೆ ಆಬ್ಸೆಂಟ್ ಆಗಿಹೋಗಿತ್ತು. ಬಸ್ ಕಂಡಕ್ಟರಿಗೂ ಎರಡು ಸಲ ಹೇಳಬೇಕು. ಅಂಥ ದನಿಗೆ ಎರಡೂವರೆ ವರ್ಷದ ಕೂಸು ಓಗೊಡಲಿ ಎಂದರೆ?

ಡಿಗ್ರಿ ಮುಗಿಸಿದವಳು ಮಗು ನೋಡಿಕೊಳ್ಳಲೆಂದು ಅಮೆರಿಕದ ಯೂನಿಯನ್ ಸಿಟಿಗೆ, ಅಕ್ಕ ನಿರುಪಮಾಳ ಅಪಾರ್ಟ್‌ಮೆಂಟಿಗೆ ಬಂದಿದ್ದಳು. ಅಕ್ಕ, ಭಾವ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆಂದು ಫ್ರೀವೇ ಹಿಡಿದರೆ ಮನೆಯಲ್ಲಿ ಇವಳು, ಮಗು ವೈಜಯಂತಿ, ಮತ್ತು ಆ ಕಾರ್ಡುಗಳು. ಬಿಳಿ ರಟ್ಟಿನ ಮೇಲೆ ದಪ್ಪ ಕೆಂಪು ಮಾರ್ಕರಿನಲ್ಲಿ ಅಕ್ಕ ಬರೆದಿಟ್ಟ ಇಂಗ್ಲಿಷ್ ಪದಗಳು. ವಸ್ತುವನ್ನು ತೋರಿಸಬೇಕು, ಕಾರ್ಡು ತೋರಿಸಬೇಕು, ನಗುನಗುತ್ತ ಗಟ್ಟಿಯಾಗಿ ಹೇಳಬೇಕು. ಮಗುವಿಗೆ ಬೇಸರವಾಗುವ ಮುಂಚೆಯೇ ನಿಲ್ಲಿಸಬೇಕು. ಇಷ್ಟೇ ಪಾಠ.

ವೈಜುವಿಗೆ ಬೇಸರವೆಂಬುದೇ ಇರಲಿಲ್ಲ. ‘ಶೂ’ ಕಾರ್ಡು ಎತ್ತಿದರೆ ಓಡಿಹೋಗಿ ಶೂ ತರುವಳು. ‘ಬಾಲ್’ ಎತ್ತಿದರೆ ಮಂಚದಡಿಗೆ ನುಗ್ಗಿ ಚೆಂಡು ಹುಡುಕುವಳು. ಮಾತು ಮಾತ್ರ ಬಂದಿರಲಿಲ್ಲ. ಮನೆಯಲ್ಲಿ ಎರಡು ಭಾಷೆಯಿದ್ದರೆ ಹೀಗೇ, ಒಂದನ್ನೇ ಆಡಿ ಎಂದಿದ್ದರಂತೆ ಮಕ್ಕಳ ಡಾಕ್ಟರು. ಬರುವ ತಿಂಗಳಿನಿಂದ ಕನ್ನಡ ಬಂದ್ ಎಂದು ಅಕ್ಕ ತೀರ್ಮಾನಿಸಿದ್ದಳು.

“ಓದು ಬಂತಲ್ಲ, ಮಾತು ಹಿಂದೇನೇ ಬರುತ್ತೆ ಬಿಡೇ,” ಎಂದು ಭಾವ ರಘೋತ್ತಮ ನಗುತ್ತಿದ್ದ. “ಬಾಯೇ ಬಿಡದೆ ಡಿಗ್ರಿ ತಗೊಂಡೋರು ನಮ್ಮನೇಲೇ ಇದಾರಲ್ಲ!”

ಆ ಗುರುವಾರ ಸಾರಿನ ಒಗ್ಗರಣೆ ಸೀದು ಹೊಗೆ ಎದ್ದಿತು. ನಡುಮನೆಯ ಚಾವಣಿಯಲ್ಲಿದ್ದ ಸ್ಮೋಕ್ ಅಲಾರಮ್ಮು ಕಿವಿ ಹರಿಯುವಂತೆ ಕಿರುಚಿಕೊಂಡಿತು. ಮಗು ಬೆಚ್ಚಿಬಿದ್ದಿರುತ್ತದೆಂದು ವಸುಧಾ ಸೌಟು ಹಿಡಿದೇ ಓಡಿಬಂದಳು. ಅಲಾರಮ್ಮಿನ ಕೆಳಗೇ, ಇವಳಿಗೆ ಬೆನ್ನು ಹಾಕಿ ಕೂತು, ವೈಜು ಕಾರ್ಡುಗಳನ್ನು ರೈಲಿನಂತೆ ಜೋಡಿಸುತ್ತಿದ್ದಳು. ಕತ್ತು ಕೂಡ ಅಲುಗಲಿಲ್ಲ. ಟವೆಲ್ಲು ಬೀಸಿ ಬೀಸಿ ಅಲಾರಮ್ಮನ್ನು ಸುಮ್ಮನಾಗಿಸಿದ ಮೇಲೂ ವೈಜು ತಿರುಗಿ ನೋಡಲಿಲ್ಲ.

ಅಲ್ಲಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಗುವಿನ ಬೆನ್ನ ಹಿಂದೆ ನಿಂತು ತಟ್ಟೆಯ ಮೇಲೆ ಚಮಚ ಬಡಿದಳು. ಚಪ್ಪಾಳೆ ತಟ್ಟಿದಳು. ಅಡುಗೆಮನೆಗೆ ಹೋದಳು, ವಾಪಸು ಬಂದಳು, ಮತ್ತೆ ಬಡಿದಳು. ಅಷ್ಟರಲ್ಲಿ ಮನೆಯ ಹಿಂದಿನ ಹಳಿಯ ಮೇಲೆ ಬಾರ್ಟ್ ರೈಲು ಬಂತು. ವೈಜು ತಟ್ಟನೆದ್ದು ಕಿಟಕಿಗೆ ಓಡಿದಳು. ಅಯ್ಯೋ ದೇವರೇ, ಕೇಳಿಸುತ್ತದೆ! ವಸುಧಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಪಕ್ಕಕ್ಕೆ ಹೋಗಿ ಮಂಡಿಯೂರಿದಳು. ಮಗು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ಹಿಡಿದು ಕಿಲಕಿಲ ನಗುತ್ತಿತ್ತು. ಇವಳೂ ಅಂಗೈ ಇಟ್ಟು ನೋಡಿದಳು. ಗಾಜು ನಡುಗುತ್ತಿತ್ತು. ನೆಲವೂ ಸಣ್ಣಗೆ ನಡುಗುತ್ತಿತ್ತು.

ಆಮೇಲೆ ತುಟಿ ಬಿಗಿಹಿಡಿದು, ಒಂದಕ್ಷರವೂ ಆಡದೆ ‘ಮಿಲ್ಕ್’ ಕಾರ್ಡು ತೋರಿಸಿದಳು. ಮಗು ನೆಟ್ಟಗೆ ಹೋಗಿ ಫ್ರಿಜ್ಜಿನ ಮುಂದೆ ನಿಂತುಕೊಂಡಿತು. ಓದು ಸುಳ್ಳಲ್ಲ. ಓದು ಅಷ್ಟು ನಿಜವಾಗಿದ್ದುದರಿಂದಲೇ ಉಳಿದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಂಜೆ “ಅಕ್ಕಾ...” ಎಂದಳು.

“ಏನೇ? ಶನಿವಾರಕ್ಕೆ ಬಿಸಿಬೇಳೆಬಾತ್ ಸಾಕಲ್ವ?” ಎಂದಳು ನಿರುಪಮಾ, ಹೊಸ ಕಾರ್ಡಿಗೆ ಕೆಂಪು ಬಣ್ಣ ತುಂಬುತ್ತ. ಅವಳ ಮುಖದಲ್ಲಿದ್ದ ಸಂತೋಷ ನೋಡಿ ವಸುಧಾ, ಉರುಳಿಬಿದ್ದ ಮಾರ್ಕರಿನ ಮುಚ್ಚಳ ಎತ್ತಿಕೊಟ್ಟಳು. “ಸಾಕು,” ಎಂದಳು. ರಾತ್ರಿ ತನ್ನ ಡೈರಿಯಲ್ಲಿ ಒಗ್ಗರಣೆ ಸೀದದ್ದನ್ನಷ್ಟೇ ಬರೆದಳು.

ಶನಿವಾರ ಪಕ್ಕದೂರು ನೆವಾರ್ಕಿನಿಂದ ಭಾವನ ಗೆಳೆಯ ವಿರುಪಾಕ್ಷಪ್ಪ, ಹುಬ್ಬಳ್ಳಿಯಿಂದ ಬಂದಿದ್ದ ತನ್ನ ತಾಯಿ ಬಂಗಾರೆವ್ವನನ್ನು ಕರಕೊಂಡು ಊಟಕ್ಕೆ ಬಂದ. ರಘೋತ್ತಮ ಯಾರದೋ ವಿಡಿಯೊ ಕ್ಯಾಮೆರಾ ತಂದು ಹೆಗಲಿಗೇರಿಸಿಕೊಂಡಿದ್ದ. ಮಗು ಓದುವ ಟೇಪು ಮೈಸೂರಿಗೆ ಹೋಗಬೇಕು.

ಅಕ್ಕ ಕಾರ್ಡು ಎತ್ತಿದಳು. ವೈಜು ಶೂ ತಂದಳು, ಬಾಳೆಹಣ್ಣು ತಂದಳು, ಮೂಗು ಮುಟ್ಟಿಕೊಂಡಳು.

“ಎಷ್ಟ ಶ್ಯಾಣ್ಯಾ ಕೂಸವ್ವಾ ಇದು!” ಬಂಗಾರೆವ್ವ ನೆಟಿಗೆ ಮುರಿದರು. “ನಮ್ಮ ವಿರುಪಾಕ್ಷಿ ಎಂಟ ವರ್ಷಕ್ಕ ಸೈತ ಎಮ್ಮಿ ಹಿಂದ ಓಡ್ಯಾಡತಿದ್ದ.”

“ಯವ್ವಾ, ಟೇಪ್ ಓಡಾಕತ್ತೇತಿ!”

ಎಲ್ಲರೂ ನಕ್ಕರು. ರಘೋತ್ತಮ ಕ್ಯಾಮೆರಾದಿಂದ ಕಣ್ಣು ತೆಗೆದ. “ನಿರೂ, ನೀನೇ ಅಡ್ಡ ಬರ್ತಿದೀಯ, ಮಗು ಮುಖಾನೇ ಕಾಣ್ತಿಲ್ಲ. ಕಾರ್ಡೆಲ್ಲ ನೆಲದ ಮೇಲೆ ಹರಡಿ ಈ ಕಡೆ ಬಾ. ವಸುಧಾ, ನೀನು ಸೋಫಾ ಹಿಂದೆ ನಿಂತು ಪದ ಹೇಳು. ಅವಳು ಎತ್ಕೋತಾಳೆ.”

ವಸುಧಾ ಸೋಫಾದ ಹಿಂದೆ ನಿಂತಳು. ಮುಂದೆ ಮಗುವಿನ ಪುಟ್ಟ ಬೆನ್ನು, ಅದರಾಚೆ ಕೆಂಪು ಅಕ್ಷರಗಳು.

“ಮಿಲ್ಕ್,” ಎಂದಳು.

ವೈಜು ಕಾರ್ಪೆಟ್ಟಿನ ದಾರ ಕೀಳುತ್ತಿದ್ದಳು.

“ಸ್ವಲ್ಪ ಜೋರಾಗಿ ಹೇಳೇ!” ಅಕ್ಕ ಗದರಿದಳು. “ನಿನ್ನ ಮಾತು ನಿಂಗೇ ಕೇಳ್ಸಲ್ಲ, ಇನ್ನು ಮಗೂಗೆ ಹೇಗೆ ಕೇಳ್ಸುತ್ತೆ?”

ಹೌದು ಎಂದುಬಿಟ್ಟರೆ ಆಯಿತು. ತಪ್ಪು ತನ್ನದೇ, ತನ್ನ ದನಿಯದೇ. ಎಲ್ಲರೂ ನಕ್ಕು ಊಟಕ್ಕೆ ಏಳುತ್ತಾರೆ. ಮೈಸೂರಿನಲ್ಲಿ ಟೇಪು ನೋಡಿ ಅಮ್ಮ ಆನಂದಬಾಷ್ಪ ಸುರಿಸುತ್ತಾಳೆ. ಆ ಪುಟ್ಟ ಬೆನ್ನು ಮಾತ್ರ ಹೀಗೇ ಕೂತಿರುತ್ತದೆ, ಇನ್ನೆಷ್ಟು ದಿನವೋ.

ವಸುಧಾ ಉಸಿರೆಳೆದುಕೊಂಡಳು.

“ಮಿಲ್ಕ್!”

ಬಂಗಾರೆವ್ವನ ಕೈಯಲ್ಲಿದ್ದ ಲೋಟ ತುಳುಕಿತು. ವಿರುಪಾಕ್ಷಪ್ಪ ಬೆಚ್ಚಿ ತಿರುಗಿದ. ರಘೋತ್ತಮನ ಹೆಗಲ ಮೇಲೆ ಕ್ಯಾಮೆರಾ ಅಲುಗಿತು. ವೈಜು ದಾರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಯಾರೂ ನಗಲಿಲ್ಲ. ಅಕ್ಕ ಒಮ್ಮೆ ಮಗುವನ್ನು, ಒಮ್ಮೆ ತಂಗಿಯನ್ನು ನೋಡಿದಳು. ವಸುಧಾ ದನಿ ತಗ್ಗಿಸಲಿಲ್ಲ.

“ನನ್ನ ದನಿ ಸಾಲ್ದೇ ಇರೋದಲ್ಲ ಅಕ್ಕ. ವೈಜುಗೆ ಕಿವಿ ಕೇಳಿಸ್ತಿಲ್ಲ.”