ಐದೂಕಾಲು ಇಂಚು

"ಅಯ್ಯಯ್ಯಪ್ಪಾ, ಹುಳಕಡ್ಡಿ!"

ನೀಲಾವತಿ ಕೂಗಿದ ರಭಸಕ್ಕೆ ಕಾರ್ಖಾನೆಯಲ್ಲಿ ಊಟಕ್ಕೆ ಕೂತಿದ್ದ ಹೆಂಗಸರೆಲ್ಲ ಡಬ್ಬಿ ಹಿಡಿದುಕೊಂಡೇ ಎದ್ದು ನಿಂತರು. ಮಾಸ್ಕ್ ಬಿಚ್ಚಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಹುಲುಗಮ್ಮನಿಗೆ ಮಾತ್ರ ಏನಾಯಿತೆಂದು ತಿಳಿಯಲಿಲ್ಲ. ಅವಳ ತುರುಬಿನ ಕೆಳಗೆ, ಕತ್ತಿನ ಎಡಕ್ಕೊಂದು ಬಲಕ್ಕೊಂದು, ಎರಡು ಕೆಂಪು ಉಂಗುರಗಳು ಎದ್ದಿದ್ದವು. ಅಂಚಿನಲ್ಲಿ ನೀರು ಜಿನುಗುತ್ತಿತ್ತು.

"ದೂರ ಸರೀರೆ, ಅಂಟುರೋಗ ಅದು. ಮನ್ಯಾಗ ಕೂಸುಗಳದಾವ ನಮ್ಮವು."

"ನಿನ್ನೆ ತನಕ ನನ್ನ ಡಬ್ಯಾಗಿನ ಶೇಂಗಾ ಚಟ್ನಿ ಬಾಯಿ ಚಪ್ಪರಿಸಿ ತಿಂದೀಯಲ್ಲಲೇ ನೀಲಿ, ಅವಾಗ ಅಂಟ್ಲಿಲ್ಲೇನು?" ಹುಲುಗಮ್ಮ ನಗಲು ನೋಡಿದಳು. ಯಾರೂ ನಗಲಿಲ್ಲ.

ಪಕ್ಕದಲ್ಲಿದ್ದ ಸುಧಾರಾಣಿಯೂ ನಗಲಿಲ್ಲ. ಅವಳ ಕೈ, ಅವಳನ್ನು ಕೇಳದೆಯೇ, ತನ್ನ ನೀರಿನ ಬಾಟಲಿಯನ್ನು ಈಚೆಗೆ ಎಳೆದುಕೊಂಡಿತು. ಹುಲುಗಮ್ಮ ಅದನ್ನು ನೋಡಿದಳು. ನೋಡಿದ್ದನ್ನು ಸುಧಾರಾಣಿಯೂ ನೋಡಿದಳು. ಬೆಂಕಿಗೆ ಕೈ ತಾಗಿದಂತಾಯಿತು.

ಐದೇ ನಿಮಿಷದಲ್ಲಿ ಮೇಸ್ತ್ರಿ ಚಿನ್ನಪ್ಪ ಬಂದ. ಮಾರುದೂರದಿಂದಲೇ ಬಗ್ಗಿ ನೋಡಿ, "ವಾಸಿಯಾಗತನಕ ಮನ್ಯಾಗಿರವ್ವ. ಇಪ್ಪತ್ತೆರಡು ಮಂದಿ ಒಂದೇ ಹಾಲ್‌ನ್ಯಾಗ ಕೂಡ್ತೀರಿ. ನಾಳೆ ಎಲ್ಲಾರಿಗೂ ಆದ್ರ ಕೆಲ್ಸ ಬಂದ್," ಎಂದ. ವಾಸಿಯಾದ ಮೇಲೆ ಅವಳ ಮಷಿನ್ನು ಅವಳಿಗೇ ಸಿಗುತ್ತದೆಂದು ಅವನು ಹೇಳಲಿಲ್ಲ. ಹಬ್ಬದ ಮುಂಚಿನ ದಿನಗಳಲ್ಲಿ ಖಾಲಿ ಮಷಿನ್ನು ಎರಡು ದಿನವೂ ಖಾಲಿ ಇರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹುಲುಗಮ್ಮ ಚೀಲ ಎತ್ತಿಕೊಂಡು ಹೊರಟಳು.

ಸುಧಾರಾಣಿ ಬಳ್ಳಾರಿಯ ಆ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಸಿದ್ಧವಾದ ಪ್ಯಾಂಟುಗಳ ಅಳತೆ ಪರೀಕ್ಷಿಸುವವಳು. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಳು. ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡುವ ಸ್ವಭಾವ. ನೀಲಿ ನೂಲಿನ ಧೂಳು ಎದೆಗಿಳಿಯಬಾರದೆಂದು ಅಲ್ಲಿ ದಿನವಿಡೀ ಮಾಸ್ಕ್ ಕಡ್ಡಾಯ. ಮಾಸ್ಕಿನ ಎಲಾಸ್ಟಿಕ್ ಎಲ್ಲರ ಕಿವಿಯ ಬುಡವನ್ನೂ ಕೊಯ್ದು ಹಾಕಿತ್ತು. ಕೆಲವರು ಹತ್ತಿ ಇಟ್ಟುಕೊಂಡರು, ಕೆಲವರು ಮೂಗಿನ ಕೆಳಗೆ ಇಳಿಸಿಕೊಂಡು ಕೆಮ್ಮಿದರು. ಅದನ್ನು ನೋಡಲಾರದೆ ಸುಧಾರಾಣಿ ಒಂದು ಉಪಾಯ ಹುಡುಕಿದಳು. ಉಳಿದ ಜೀನ್ಸ್ ಬಟ್ಟೆಯ ಒಂದು ಪಟ್ಟಿ, ಅದರ ಎರಡು ತುದಿಗೆ ಒಂದೊಂದು ಗುಂಡಿ. ಬಣ್ಣ ಹೋಗಿದೆಯೆಂದು ಬದಿಗಿಟ್ಟಿದ್ದ ಜೀನ್ಸ್ ಗುಂಡಿಗಳನ್ನೇ ಹೊಡೆದಳು. ಪಟ್ಟಿ ಕತ್ತಿನ ಹಿಂದೆ ಬರುತ್ತದೆ, ಎಲಾಸ್ಟಿಕ್ಕು ಕಿವಿಗೆ ಬದಲು ಗುಂಡಿಗೆ ಸಿಕ್ಕಿಕೊಳ್ಳುತ್ತದೆ. ಇಪ್ಪತ್ತೆರಡು ಪಟ್ಟಿ ಮಾಡಿ ಹಂಚಿದಳು. ಎರಡೇ ವಾರದಲ್ಲಿ ಕಿವಿಯ ಗಾಯಗಳು ಮಾಯ್ದವು. "ನಮ್ಮ ಸುಧಾ ಡಾಕ್ಟ್ರು" ಎಂದು ನೀಲಾವತಿಯೇ ಹೆಸರಿಟ್ಟಿದ್ದಳು. ತನ್ನಿಂದ ಒಂದು ಕೆಲಸ ಸರಿಯಾಗಿ ಆಯಿತೆಂದು ಸುಧಾರಾಣಿಗೆ ಅನ್ನಿಸಿದ್ದು ಬಹುಶಃ ಅದೇ ಮೊದಲು.

ಈಗ ಅವಳು ಹುಲುಗಮ್ಮನ ಹಿಂದೆ ಮೆಟ್ಟಿಲಿಳಿದು ಓಡಿದಳು. "ಅಕ್ಕಾ, ನಿಂದ್ರು. ಬಾಟ್ಲಿ ಎಳ್ಕೊಂಡಿದ್ದು... ತಪ್ಪಾತಕ್ಕಾ."

"ಇರ್ಲಿ ಬಿಡು. ಮಂದಿ ಹಿಂಗ ಸರಿಯೋದು ನಮಗೇನ್ ಹೊಸಾದಲ್ಲ. ನೀನೂ ದೂರ ಸರದ್ಯಲ್ಲ, ಅದು ಹೊಸಾದು."

ಸುಧಾರಾಣಿ ಇನ್ನೂ ಹತ್ತಿರ ಬಂದು, "ಒಂದ್ ಸಲ ಗಾಯ ತೋರ್ಸು. ಯಾವ ಡಾಕ್ಟ್ರಿಗೆ ತೋರ್ಸಬೇಕು ನೋಡ್ತೀನಿ," ಎಂದಳು. ಹುಲುಗಮ್ಮ ಬೇಸರದಿಂದಲೇ ಬೆನ್ನು ತಿರುಗಿಸಿದಳು.

ಕಾಲು ಇಂಚು ಹೆಚ್ಚುಕಡಿಮೆಯಾದರೂ ಹಿಡಿಯುವ ಕಣ್ಣು ಸುಧಾರಾಣಿಯದು. ಎರಡು ಉಂಗುರಗಳೂ ಒಂದೇ ಗಾತ್ರ, ಒಂದೇ ಎತ್ತರ. ರೋಗ ಇಷ್ಟು ಅಚ್ಚುಕಟ್ಟಾಗಿ ಬರುತ್ತದೆಯೇ? ಅವಳು ಕೊರಳಲ್ಲಿದ್ದ ಟೇಪು ತೆಗೆದು ಈ ಉಂಗುರದ ನಡುವಿನಿಂದ ಆ ಉಂಗುರದ ನಡುವಿಗೆ ಹಿಡಿದಳು.

"ಯಾಕವ್ವ, ರವಿಕಿ ಹೊಲಿತೀಯೇನು?"

ಐದೂಕಾಲು ಇಂಚು.

ಇನ್ನೊಮ್ಮೆ ಹಿಡಿದಳು. ಐದೂಕಾಲು. ಸೀಮೆಸುಣ್ಣದಲ್ಲಿ ಗುರುತು ಮಾಡಿ ಇಪ್ಪತ್ತೆರಡು ಪಟ್ಟಿಗೂ ಗುಂಡಿ ಹೊಡೆದದ್ದು ಇದೇ ಅಳತೆಗೆ. ಅವಳು ಟೇಪು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತಳು.

ಅದಕ್ಕಿಂತ ದೊಡ್ಡದೊಂದು ಆಮೇಲೆ ನೆನಪಾಯಿತು. ಹೋದ ವರ್ಷ ಪ್ಯಾಂಟು ಕೊಳ್ಳುವವರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂದಿತ್ತು. ಬಣ್ಣ ಹೋದ ಗುಂಡಿಯ ಲೋಹ ಕೆಲವರ ಮೈಗೆ ಆಗುವುದಿಲ್ಲ, ಹೊಕ್ಕಳ ಹತ್ತಿರ ತುರಿಸಿ ಹುಣ್ಣಾಗುತ್ತದೆ, ಅಂಥ ಗುಂಡಿ ಹಾಕಬೇಡಿ ಎಂದು. ಅದನ್ನು ಚಿನ್ನಪ್ಪನಿಗೆ ಓದಿ ಹೇಳಿದವಳು ಇವಳೇ. ಆ ಗುಂಡಿಗಳು ಬದಿಗೆ ಬಂದದ್ದೇ ಆ ಪತ್ರದಿಂದ. ಅವನ್ನೇ ಹೆಕ್ಕಿ ತಂದು ಹುಲುಗಮ್ಮನ ಕತ್ತಿಗೆ ಕಟ್ಟಿದ್ದಳು. ಕುರುಗೋಡಿನಿಂದ ಬರುವ ಬಸ್ಸಿನಲ್ಲೂ ಹುಲುಗಮ್ಮ ಮಾಸ್ಕ್ ಬಿಚ್ಚುತ್ತಿರಲಿಲ್ಲ. ಬೆವರಿನಲ್ಲಿ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ.

"ಅಕ್ಕಾ, ಇದು ರೋಗಲ್ಲ. ನನ್ನ ಗುಂಡಿ. ನಾನೇ ಮಾಡಿದ್ದು."

ಹುಲುಗಮ್ಮ ಅವಳತ್ತ ತಿರುಗಿ ಸೆರಗು ಸರಿಮಾಡಿಕೊಂಡಳು. ಆಮೇಲೆ, "ನನಗ ಹೇಳಿದ್ರ ಏನ್ ಬಂತು? ಮ್ಯಾಲ ಹೋಗಿ ಹೇಳು. ನಾ ಹೇಳಿದ್ರ ನಂಬಾಂಗಿಲ್ಲ ಅವರು," ಎಂದಳು.

ನಾಲ್ಕು ಜನರ ಮುಂದೆ ದನಿ ಎತ್ತಿದವಳಲ್ಲ ಸುಧಾರಾಣಿ. ಮೇಲೆ ಹೋದಾಗ ಮಷಿನ್ನುಗಳು ಮತ್ತೆ ಓಡುತ್ತಿದ್ದವು. ಎರಡು ಸಲ ಕರೆದರೂ ಯಾರಿಗೂ ಕೇಳಲಿಲ್ಲ. ಗೋಡೆಯ ಹತ್ತಿರ ಹೋಗಿ ದೊಡ್ಡ ಸ್ವಿಚ್ಚನ್ನೇ ಕೆಳಗೆ ಎಳೆದುಬಿಟ್ಟಳು. ಇಡೀ ಹಾಲು ಸ್ತಬ್ಧವಾಯಿತು.

"ಏ, ತಲಿಗಿಲಿ ಕೆಟ್ಟೈತೇನು?" ಚಿನ್ನಪ್ಪ ಎದ್ದು ಬಂದ.

"ಪಟ್ಟಿ ಬಿಚ್ಚಿಡ್ರಿ ಎಲ್ಲಾರೂ. ಹುಲುಗಮ್ಮಕ್ಕಗ ಹುಳಕಡ್ಡಿ ಆಗಿಲ್ಲ. ನಾ ಹಾಕಿದ ಗುಂಡಿಯಿಂದ ಆಗೈತಿ. ಚಿನ್ನಪ್ಪಣ್ಣ, ಆ ಪತ್ರ ಓದಿದ್ನೆಲ್ರಿ, ಅವೇ ಗುಂಡಿ. ಬರ್ರಿ, ಅಳತಿ ಹಿಡದು ನೋಡ್ರಿ."

ಸುಧಾರಾಣಿಯ ಹಿಂದೆಯೇ ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದ ಹುಲುಗಮ್ಮನ ಕತ್ತಿನ ಮೇಲೆ ಚಿನ್ನಪ್ಪನೇ ಪಟ್ಟಿ ಇಟ್ಟು ನೋಡಿದ. ಗುಂಡಿಗಳು ಉಂಗುರದೊಳಗೆ ಹೋಗಿ ಕೂತವು. ಹಿಂದೆ ಯಾರೋ "ಅಯ್ ಶಿವನೇ" ಅಂದರು. ನೀಲಾವತಿ ತನ್ನ ಪಟ್ಟಿಯನ್ನು ಚೇಳು ಕಡಿದವಳಂತೆ ಕಿತ್ತೆಸೆದು ಕತ್ತು ಮುಟ್ಟಿ ಮುಟ್ಟಿ ನೋಡಿಕೊಂಡಳು.

"ಎಲ್ಲಾರಿಗೂ ಆಗಂಗಿಲ್ಲ," ಎಂದಳು ಸುಧಾರಾಣಿ. "ಆದ್ರ ಯಾರೂ ಹಾಕಬ್ಯಾಡ್ರಿ. ಗುಂಡಿ ತಗದು ಬಟ್ಟಿ ಗಂಟು ಹೊಲ್ದು ಕೊಡ್ತೀನಿ."

ಚಿನ್ನಪ್ಪ ಗಂಟಲು ಸರಿಮಾಡಿಕೊಂಡ. "ಹೋಗವ್ವ ಹುಲುಗಮ್ಮ, ನಿನ್ ಮಷಿನ್ನಿಗೆ ಕೂಡು."

"ನಾಳೆ ಬರ್ತೀನ್ರಿ. ಇವತ್ತು ಹೋಗು ಅಂದೀರಲ್ಲ, ಇವತ್ತು ಹೋಗ್ತೀನಿ. ನನ್ ಮಷಿನ್ನಿಗೆ ಯಾರ್ನೂ ಕೂಡ್ಸಬ್ಯಾಡ್ರಿ."

ಅವನು ತಲೆಯಾಡಿಸಿದ. ಹುಲುಗಮ್ಮ ಯಾರ ಮುಖವನ್ನೂ ನೋಡದೆ ಇಳಿದು ಹೋದಳು. ನೀರು ಕುಡಿಯಲು ಏಳುವಾಗಲೂ ಅಪ್ಪಣೆ ಕೇಳುತ್ತಿದ್ದ ಸುಧಾರಾಣಿ ಈಗ ಯಾರನ್ನೂ ಕೇಳದೆ ಅವಳ ಹಿಂದೆ ನಡೆದಳು. ರಸ್ತೆಯ ಬಿಸಿಲಲ್ಲಿ ಹುಲುಗಮ್ಮ ತಿರುಗಿ ನೋಡಿದಳು.

"ಎಲ್ಲಿಗೆ?"

"ಚರ್ಮದ ಡಾಕ್ಟ್ರ ಹತ್ರ. ನಾನೂ ಬರ್ತೀನಿ."

"ಬಾ ಮತ್ತ. ಆದ್ರ ದಾರಿ ತುಂಬ ತಪ್ಪಾತು ತಪ್ಪಾತು ಅನಬ್ಯಾಡ. ಮೊದ್ಲೇ ಕತ್ತು ಉರಿಯಾಕತ್ತೈತಿ."