ಹಳದಿ ತಂತಿ

ಹೆಣದ ಬಾಯಿಗೆ ಅಕ್ಕಿ ಹಾಕಲು ಬಗ್ಗಿದ ಅಶ್ವತ್ಥಪ್ಪ ಮೇಷ್ಟ್ರ ಮುಷ್ಟಿಯಿಂದ ಅರ್ಧ ಅಕ್ಕಿ ಕೋದಂಡರಾಮಪ್ಪನ ಎದೆಯ ಮೇಲೆ ಚೆಲ್ಲಿತು. ಮುಳಬಾಗಿಲು ಸುತ್ತಿನ ಪಂಪ್‌ಸೆಟ್ ಮೋಟರುಗಳಿಗೆಲ್ಲ ಮೂವತ್ತು ವರ್ಷ ತಂತಿ ಸುತ್ತಿದ ಮನುಷ್ಯ, ಬೆರಳ ತುದಿಯಲ್ಲಿ ವಾರ್ನಿಷ್ ಕಲೆ ಇಟ್ಟುಕೊಂಡೇ ಮಲಗಿದ್ದ.

ಹಿಂದೆ ಯಾರೋ ಕೇಳಿದರು, "ಯಾವ ಕೋದಂಡರಾಮಪ್ಪ?"

"ಅದೇ ಕಣಪ್ಪ, ಸ್ಕೂಲ್ ಕಂಪ್ಯೂಟ್ರು ಸುಟ್ಟಾಕಿದ್ನಲ್ಲ," ಎಂದ ಪಕ್ಕದ ಅಂಗಡಿಯ ಕದಿರಪ್ಪ. "ಒಳ್ಳೆ ಕೆಲ್ಸಗಾರನೇ. ಅದಾದ್ಮೇಲೆ ಜನ ಮೋಟ್ರು ಕೊಡೋಕೂ ಹೆದರ್ಕೊಂಡ್ರು."

ಮೇಷ್ಟ್ರು ಬಾಯಿ ತೆರೆದರು. ಅದನ್ನು ಸುಟ್ಟದ್ದು ನಾನು ಎಂಬ ಮಾತನ್ನು ಎರಡು ವರ್ಷದಿಂದ ಯಾರ ಮುಂದೆಯೂ ಆಡಿರಲಿಲ್ಲ. ಇವತ್ತೂ ಆಡದೆ, ಹೆಣದ ಎದೆಯ ಮೇಲೆ ಚೆಲ್ಲಿದ ಅಕ್ಕಿ ಆರಿಸತೊಡಗಿದರು.

*

ಎಂಬತ್ತಾರನೆಯ ಇಸವಿಯಲ್ಲಿ ಯಾರೋ ದಾನಿಗಳು ಮೇಷ್ಟ್ರ ಹೈಸ್ಕೂಲಿಗೆ ಪರದೇಶದ ಹಳೆಯ ಕಂಪ್ಯೂಟರೊಂದನ್ನು ಕೊಟ್ಟಿದ್ದರು. ತಿಂಗಳಲ್ಲೇ ಅದರೊಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಕೋದಂಡರಾಮಪ್ಪ ಹಳೆಯ ತಂತಿಯನ್ನು ಒಂದೊಂದೇ ಸುತ್ತು ಎಣಿಸುತ್ತ ಬಿಚ್ಚಿ, ಇದ್ದಂತೆಯೇ ಹೊಸದು ಸುತ್ತಿದ.

"ಕರೆಂಟ್ ಕಡೆಗೆ ಮೂರು ತಂತಿ ಅವೆ ಮೇಷ್ಟ್ರೇ. ನಮ್ಮ ಕರೆಂಟಿಗೆ ಕಪ್ಪು, ಕೆಂಪು. ಹಳದಿ ಆ ದೇಶದ ಅರ್ಧ ಕರೆಂಟಿಗೆ, ನಮ್ಮದು ಕೊಟ್ರೆ ಸುಟ್ಟೋಗ್ತದೆ, ಅದನ್ನ ಮುಟ್ಬೇಡಿ. ತಡೀರಿ, ನಾಳೆ ನಾನೇ ಬಂದು ಕೂಡಿಸ್ತೀನಿ."

ನಾಳೆಯವರೆಗೆ ತಡೆಯುವ ಬುದ್ಧಿ ಮೇಷ್ಟ್ರಿಗೆ ಎಲ್ಲಿಂದ ಬರಬೇಕು! ಹೆಡ್ಮಾಸ್ಟರರ ಮುಂದೆ ಜಂಬದಿಂದ ತಾವೇ ಬೆಸುಗೆ ಹಾಕಿ ಸ್ವಿಚ್ ಒತ್ತಿದರು. ಗುಂಯ್ ಎಂದು ಸದ್ದಾಗಿ ಹೊಗೆ ಎದ್ದಿತು.

"ವೈಂಡಿಂಗ್ ಸರಿ ಇಲ್ಲ ಸಾರ್, ಅವನು ಸುತ್ತಿದ್ದೇ ತಪ್ಪು" ಎಂದು ಬಾಯಿ ಜಾರಿತು. ಜಾರಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ.

ಮರುದಿನ ಬಂದ ಕೋದಂಡರಾಮಪ್ಪ ಸುಟ್ಟದ್ದನ್ನು ಕೈಗೆತ್ತಿಕೊಂಡ. ಹಳದಿ ತಂತಿಯ ತುದಿಯಲ್ಲಿ ಮೇಷ್ಟ್ರ ಬೆಸುಗೆ ಹಾಗೇ ಹೊಳೆಯುತ್ತಿತ್ತು. ಅದನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಹೆಡ್ಮಾಸ್ಟರು ಬೈದದ್ದನ್ನೆಲ್ಲ ಕೇಳಿಸಿಕೊಂಡು, ಸುಟ್ಟ ಟ್ರಾನ್ಸ್‌ಫಾರ್ಮರನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಆಮೇಲೆ ಮೇಷ್ಟ್ರು ಅವನಿದ್ದ ಬೀದಿಯನ್ನೇ ತುಳಿಯಲಿಲ್ಲ.

*

"ಮೇಷ್ಟ್ರೇ, ಸ್ವಲ್ಪ ಒಳಗೆ ಬನ್ನಿ," ಎಂದು ಕರೆದಳು ಕೋದಂಡರಾಮಪ್ಪನ ಹೆಂಡತಿ ವೆಂಕಟರತ್ನಮ್ಮ. ಅಟ್ಟಣಿಗೆಯಿಂದ ಹಳೆಯ ಪೇಪರಿನಲ್ಲಿ ಸುತ್ತಿದ ಭಾರದ ಗಂಟೊಂದನ್ನು ಇಳಿಸಿ ಅವರ ಕೈಗಿಟ್ಟಳು.

"ನಿಮ್ಮ ಸ್ಕೂಲಿಂದೇ. ಹೋದ ವರ್ಷಾನೇ ಹೊಸದಾಗಿ ಸುತ್ತಿಟ್ಟಿದ್ರು. ನಾನ್ ಕೊಟ್ಟು ಬರ್ತೀನಿ ಅಂದೆ. ಬ್ಯಾಡ ಕಣೇ, ಅವರಾಗೇ ಬರ್ಲಿ, ನಾವು ಹೋದ್ರೆ ಅವರಿಗೆ ನಾಚ್ಕೆ ಆಗ್ತದೆ ಅಂದ್ರು. ನೀವು ಬರ್ಲೇ ಇಲ್ಲ."

"ಅಮ್ಮಾ, ಅವತ್ತು ತಪ್ಪು ಅವನದಲ್ಲ. ನಾನೇ..."

"ಈ ಮಾತು ಅವರಿದ್ದಾಗ ಆಡ್ಬೇಕಾಗಿತ್ತು," ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದಳು.

ಬೀದಿಯಲ್ಲಿ ತಮಟೆ ಶುರುವಾಯಿತು. "ಮೇಷ್ಟ್ರೇ, ಹೆಗಲು ಕೊಡ್ಬನ್ನಿ!" ಎಂದು ಕದಿರಪ್ಪ ಕೂಗಿದ. ಮೇಷ್ಟ್ರು ನಿಂತಲ್ಲೇ ಪೇಪರು ಬಿಚ್ಚಿದರು.

ಕರೆಂಟಿನ ಕಡೆಗೆ ಎರಡೇ ತಂತಿ. ಒಂದು ಕಪ್ಪು, ಒಂದು ಕೆಂಪು. ಹಳದಿ ತಂತಿ ಹೊರಬರಬೇಕಾದ ತೂತಿಗೆ ಕೋದಂಡರಾಮಪ್ಪ ಕಾಗದ ತುರುಕಿ, ಮೇಲೆ ವಾರ್ನಿಷ್ ಬಳಿದು ಮುಚ್ಚಿದ್ದ.