ಭೂತಪ್ಪನ ಎಲೆಯಡಿಕೆ ಸಂಚಿ

ರಿಪ್ಪನ್‌ಪೇಟೆಯ ಭೂತಪ್ಪ ಯಾರನ್ನೂ ಏನನ್ನೂ ಬರಿಗೈಯಲ್ಲಿ ಕೇಳಿದವನಲ್ಲ. ದಾರಿ ಕೇಳುವುದಿದ್ದರೂ ಮೊದಲು ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ ಎದುರಿನವರ ಮುಂದೆ ಹಿಡಿಯಬೇಕು. ಅವರು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟ ಮೇಲೆಯೇ ಮಾತು. ಬಲಗಾಲನ್ನು ತುಸು ಎಳೆದು ನಡೆಯುವ, ಮಾತಿಗೊಮ್ಮೆ ‘ಆಗ್ಲಿ ಬಿಡಿ’ ಎನ್ನುವ, ಎಂಥ ಸೆಕೆಯಲ್ಲೂ ಖಾಕಿ ಕೋಟಿನ ಗುಂಡಿ ಬಿಚ್ಚದ ಬಾಡಿಗೆ ಕಾರಿನ ಚಾಲಕ ಅವನು.

೧೯೬೩ರಲ್ಲಿ ಮುಕುಂದಯ್ಯ ಸಿಂಹಳಕ್ಕೆ ಹೊರಟಾಗ ಜೊತೆಗೆ ಕರೆದದ್ದು ಇವನನ್ನೇ. ತೀರ್ಥಹಳ್ಳಿ ದಾರಿಯ ಒಡೆಯರ ಮನೆಯವನು ಮುಕುಂದಯ್ಯ. ಅದೇ ಮನೆಯ ಗೇಣಿ ಒಕ್ಕಲಿನ ಮಗ ಭೂತಪ್ಪ. ಒಂದೇ ಶಾಲೆಯಲ್ಲಿ ಮಣ್ಣಾಡಿ ಬೆಳೆದ ಸ್ನೇಹವಾದರೂ ಅದಕ್ಕೊಂದು ಗೆರೆಯಿತ್ತು. ಒಡೆಯ ಎಲೆ ಕೊಡಬೇಕು, ಒಕ್ಕಲು ತೆಗೆದುಕೊಳ್ಳಬೇಕು, ತಿರುಗುಮುರುಗಾಗಕೂಡದು. ಗೇಣಿ ಗಲಾಟೆಯ ಕಾಲದಲ್ಲಿ ತನ್ನ ತಮ್ಮ ತಿಮ್ಮಯ್ಯ ಒಕ್ಕಲುಗಳ ನಡುವೆ ಕೂತು ಇದೇ ಭೂತಪ್ಪನ ಸಂಚಿಯಿಂದ ಎಲೆ ಹಾಕಿದನೆಂದೇ ಮುಕುಂದಯ್ಯ ಅವನನ್ನು ಮನೆಯಿಂದ ಹೊರಗಟ್ಟಿದ್ದ. ತಿಮ್ಮಯ್ಯ ಸಮುದ್ರ ದಾಟಿ ಸಿಂಹಳದ ಹಟ್ಟನ್ ಕಡೆಯ ಚಹಾ ತೋಟದಲ್ಲಿ ಗುಮಾಸ್ತನಾದ. ಈಗ ಹಾಸಿಗೆ ಹಿಡಿದ ತಾಯಿ, ಕಿರಿಮಗನ ಮುಖ ನೋಡದೆ ಪ್ರಾಣ ಬಿಡಲಾರೆನೆನ್ನುತ್ತಿದ್ದಳು.

ತಲೈಮನ್ನಾರಿನಲ್ಲಿ ಹಡಗಿಳಿದು, ಬಾಡಿಗೆಗೆ ಸಿಕ್ಕ ಮುದಿ ಆಸ್ಟಿನ್ ಕಾರಿನಲ್ಲಿ ಇಬ್ಬರೂ ದಕ್ಷಿಣಕ್ಕೆ ಹೊರಟರು. ಭಾಷೆ ಬಾರದ ನಾಡು. ಆದರೆ ಪುಣ್ಯಕ್ಕೆ ಅಲ್ಲಿಯವರೂ ಎಲೆಯಡಿಕೆಯವರೇ! ಸಂಚಿ ಬಿಚ್ಚಿದ್ದೇ ತಡ, ಅನುರಾಧಪುರದ ಗಾಡಿಯವನು ದಾರಿ ತೋರಿಸುವುದಲ್ಲದೆ ಎಳನೀರನ್ನೂ ಕೆತ್ತಿಕೊಟ್ಟ. ಕ್ಯಾಂಡಿಯ ಆಚೆ ಟೈರು ಒಡೆದಾಗ ಊರಿಗೆ ಊರೇ ಬಂದು ಕಾರಿಗೆ ಹೆಗಲು ಕೊಟ್ಟಿತು. ಪ್ರತಿ ಸಲವೂ ಸಂಚಿ ಮೊದಲು ಚಾಚುತ್ತಿದ್ದುದು ಮುಕುಂದಯ್ಯನ ಕಡೆಗೆ. ಅವನು ತಲೆಯಲ್ಲಾಡಿಸುವನು, ಇವನು ‘ಆಗ್ಲಿ ಬಿಡಿ’ ಎಂದು ಮುಖದ ಗೆಲುವು ಕುಂದದಂತೆ ಬೇರೆಯವರತ್ತ ತಿರುಗುವನು. ಎಂಥ ಮೊಂಡನಪ್ಪ ಎಂದು ಮೊದಮೊದಲು ರೇಗಿದ ಮುಕುಂದಯ್ಯನಿಗೆ, ಘಾಟಿ ಏರತೊಡಗಿದ ಮೇಲೆ ಅವನ ಮುಖ ನೋಡುವುದಕ್ಕೇ ನಾಚಿಕೆಯಾಗತೊಡಗಿತು.

ತೋಟದ ಮನೆ ತಲುಪಿದಾಗ ಬಾಗಿಲಿಗೆ ಬಂದ ತಿಮ್ಮಯ್ಯ ಭೂತಪ್ಪನನ್ನು ತಬ್ಬಿಕೊಂಡ. ತಾಯಿಯ ಸ್ಥಿತಿ ಕೇಳಿ ಕಣ್ಣೊರೆಸಿಕೊಂಡ. ಆಮೇಲೆ ಅಣ್ಣನ ಕಡೆ ತಿರುಗಿ, “ಬರ್ತೀನಿ ಅಣ್ಣಯ್ಯ. ಮೊದ್ಲು ಭೂತಪ್ಪನ ಸಂಚೀಲಿ ಒಂದು ಎಲೆ ಹಾಕು” ಎಂದ.

ಭೂತಪ್ಪ ಬಿಚ್ಚಿ ಹಿಡಿದ ಸಂಚಿಯ ಮೇಲೆ ಮುಕುಂದಯ್ಯನ ಕಣ್ಣು ನೆಟ್ಟಿತು. ಹಾಕಿದರೆ ಇಷ್ಟು ವರ್ಷದ ದೊಡ್ಡಸ್ತಿಕೆ ಮಣ್ಣುಪಾಲು, ಹಾಕದಿದ್ದರೆ ತಾಯಿಗೆ ಮಗನಿಲ್ಲ.

ಆಗ ಭೂತಪ್ಪ, ಎಂದೂ ಹಾಗೆ ಮಾಡದವನು, ಸಂಚಿಯ ದಾರ ಬಿಗಿದು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡ. “ನಿಮ್ಮ ಹಟಕ್ಕೆ ನನ್ನ ಸಂಚಿ ಬ್ಯಾಡ ತಿಮ್ಮಯ್ಯ. ಅವ್ರಿಗೆ ಮನಸ್ಸು ಬಂದಾಗ ಹಾಕ್ತಾರೆ. ಅವ್ವ ಕಾಯ್ತಾ ಅದಾರೆ, ಹೊರಡಿ.”

ಮುಕುಂದಯ್ಯ ಮೆಟ್ಟಿಲ ಮೇಲೆ ಕುಳಿತು, ತಾನಾಗಿ ಕೈ ಚಾಚಿದ. “ಬಿಚ್ಚೋ ಭೂತಪ್ಪ.”

ಭೂತಪ್ಪ ಇದ್ದುದರಲ್ಲಿ ಎಳೆಯ ಎಲೆ ಆರಿಸಿ, ನಾರು ತೆಗೆದು, ಹದವಾಗಿ ಸುಣ್ಣ ಸವರಿದ. “ಸುಣ್ಣ ಜಾಸ್ತಿಯಾದ್ರೆ ಹೇಳಿ ಅಯ್ಯಾ, ಬಾಯಿ ಸುಟ್ಟೀತು” ಎಂದ. ಅಷ್ಟೇ. ಗೆದ್ದೆನೆಂಬ ಸುಳಿವೇ ಅವನ ಮುಖದಲ್ಲಿರಲಿಲ್ಲ. ಮೂವರೂ ಊರು ತಲುಪಿದಾಗ ತಾಯಿಗಿನ್ನೂ ಜೀವವಿತ್ತು; ಮಗನ ಕೆನ್ನೆ ಸವರಿದಳು.

ಜಗಳವಾಡಿ ಗೆರೆ ಅಳಿಸುವವರು ಇದ್ದಾರೆ, ಅವರೂ ಬೇಕು. ಭೂತಪ್ಪನಂಥವರ ದಾರಿ ಬೇರೆ. ಬೇಡವೆಂದ ಕೈಗೇ ಮತ್ತೆ ಮತ್ತೆ ನೀಡುತ್ತಾರೆ, ಆದರೆ ಯಾರೂ ಸೋತು ತಲೆತಗ್ಗಿಸಿ ಅದನ್ನು ಪಡೆಯಲು ಬಿಡುವುದಿಲ್ಲ. ನಮ್ಮ ದೊಡ್ಡಸ್ತಿಕೆ ದಣಿಯುವವರೆಗೂ ಅವರ ಕೈ ದಣಿಯುವುದಿಲ್ಲ.